ದ್ರಾಕ್ಷಿ ತೋಟದಲ್ಲಿ ಅರವತ್ತೆರಡು ಬಿಳಿ ಬಟ್ಟೆ

ಆ ರೆಸಾರ್ಟಿನಲ್ಲಿ ಒಂದು ದಿನ ಉಳಿಯುವುದೆಂದರೆ ನಮ್ಮ ಓಣಿಯವರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ನಾನು ಹನ್ನೊಂದು ದಿನ ಉಳಿದೆ. ಅತಿಥಿಗಳು ಉಳಿದದ್ದು ದ್ರಾಕ್ಷಿ ಸಾಲುಗಳು ಕಾಣುವ ಗಾಜಿನ ಕಿಟಕಿಯ ಖೋಲಿಗಳಲ್ಲಿ, ನಾನು ಮತ್ತು ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಉಳಿದದ್ದು ಹಿತ್ತಲಿನಲ್ಲಿ, ಜನರೇಟರಿನ ಪಕ್ಕದ ತಗಡಿನ ಖೋಲಿಯಲ್ಲಿ. ಅತಿಥಿಗಳು ಬಂದದ್ದು ವೈನ್ ಕುಡಿಯಲು, ನಾವು ಹೋದದ್ದು ಅವರು ಮಲಗಿದ ಹಾಸಿಗೆಯ ಬಟ್ಟೆ ತೊಳೆಯಲು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಧಾರವಾಡದಿಂದ ಕಲಘಟಗಿ ಕಡೆ ಹೋಗುವ ದಾರಿಯಲ್ಲಿ ಒಂದು ಗುಡ್ಡದ ಇಳಿಜಾರಿಗೆ ದ್ರಾಕ್ಷಿ ಹಚ್ಚಿ, ನಡುವೆ ಇಪ್ಪತ್ತನಾಲ್ಕು ಖೋಲಿ ಕಟ್ಟಿ, ಒಂದು ಮೂಲೆಯಲ್ಲಿ ಸಣ್ಣದೊಂದು ವೈನ್ ಮನೆ ಮಾಡಿ ತೆರೆದಿದ್ದರು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮದು ಲಾಂಡ್ರಿ. ಆದರೆ ಮನೆಮನೆಗೂ ವಾಷಿಂಗ್ ಮಷೀನು ಬಂದು, ತೊಳೆಯುವ ಕೆಲಸ ಹೋಗಿ ಬರೀ ಇಸ್ತ್ರಿ ಉಳಿದಿತ್ತು. ಇಸ್ತ್ರಿಗೆ ನನ್ನ ಗಂಡ ಒಬ್ಬರೇ ಸಾಕು. ಹನ್ನೆರಡು ವರ್ಷದಿಂದ ನೀರಿನಲ್ಲಿದ್ದ ನನ್ನ ಕೈ ಖಾಲಿ ಕುಂತಿದ್ದವು. ಅದಕ್ಕೇ ರೆಸಾರ್ಟಿನಿಂದ ಕರೆ ಬಂದ ಕೂಡಲೇ ಹೊರಟುಬಿಟ್ಟೆ.

ಮ್ಯಾನೇಜರ್ ಮಂಗಳೂರು ಕಡೆಯವನು, ಮೂವತ್ತು ದಾಟಿರಲಿಲ್ಲ, ಮಾತು ಮೆತ್ತಗೆ, ನಿಯಮ ಗಟ್ಟಿ. ಮೊದಲ ದಿನವೇ ಹೇಳಿದ:

“ನೋಡಿ ಅಕ್ಕ, ಮುಂದಿನ ವಾರ ಇಲ್ಲಿ ಮೊದಲನೇ ಮದುವೆ ಉಂಟು. ಮದುವೆ ಮುಗಿಯುವವರೆಗೆ ನಿಮ್ಮ ಕೆಲಸ ನೋಡ್ತೇವೆ. ಸರಿ ಬಂದ್ರೆ ನೀವೇ. ಇಲ್ಲದಿದ್ರೆ ಗೋವಾದಿಂದ ಲಾರಿ ಬರ್ತದೆ, ಬಟ್ಟೆ ತಗೊಂಡು ಹೋಗ್ತದೆ, ತೊಳೆದು ತಂದು ಕೊಡ್ತದೆ. ಮಾಲೀಕರು ಮಾತಾಡಿ ಇಟ್ಟಿದ್ದಾರೆ.”

“ಗೋವಾದ ಲಾರಿ ಬರಾಕ ನಾ ಏನ್ ಬಿಡೂದಿಲ್ಲ ಬಿಡ್ರಿ,” ಅಂದೆ. ಬಾಯಿ ಮಾತ್ರ ಜೋರು ಮಾಡಿದೆ.

“ಇನ್ನೊಂದು. ಅತಿಥಿಗಳಿಗೆ ತೊಳೆಯುವ ಬಟ್ಟೆ ಕಾಣ್ಲಿಕ್ಕಿಲ್ಲ. ಹಗ್ಗ ಕಟ್ಟಿ ಒಣಗಿಸ್ಲಿಕ್ಕಿಲ್ಲ. ಎಲ್ಲ ಡ್ರೈಯರಿನಲ್ಲೇ. ತೊಳೆಯುವವರೂ ಆದಷ್ಟು ಕಾಣದಿದ್ರೆ ಒಳ್ಳೇದು.”

“ಕಾಣದ ತೊಳಿಯಾಕ ನಾವೇನ್ ದೆವ್ವ ಏನ್ರೀ?”

ಅವನಿಗೆ ನಗು ಬಂತು, ಆದರೆ ನಿಯಮ ಮಾತ್ರ ಸಡಿಲಾಗಲಿಲ್ಲ.

ಮೊದಲ ಪೆಟ್ಟು ಎರಡನೇ ದಿನವೇ ಬಿತ್ತು. ಎರಡು ದೊಡ್ಡ ಮಷೀನು, ಒಂದು ಡ್ರೈಯರು, ಚೀಲಗಟ್ಟಲೆ ಸೋಪಿನ ಪುಡಿ, ಎಲ್ಲ ಹೊಸದು. ಬೆಡ್‌ಶೀಟಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತಿರುಗಿಸಿದರೆ ಹೊರಗೆ ಬಂದದ್ದು ಚಹಾ ಸೋಸಿದ ಅರಿವೆಯ ಬಣ್ಣ. ನೆಗೆಣ್ಣಿ ಸೋಪು ಬಯ್ದಳು, ನಾನು ಮಷೀನು ಬಯ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊನೆಗೆ ಒಂದು ಬಿಳಿ ಬಕೆಟ್ಟಿನಲ್ಲಿ ಬೋರಿನ ನೀರು ಹಿಡಿದು ಬಿಸಿಲಿಗೆ ಇಟ್ಟೆ. ಹಿಡಿದಾಗ ಕನ್ನಡಿಯಂಥ ನೀರು, ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಕೆಂಪು ಗಸಿ. ನೀರಿನಲ್ಲಿ ಕಬ್ಬಿಣ. ಬ್ಲೀಚಿಂಗ್ ಬಿದ್ದ ಕೂಡಲೇ ಅದು ತುಕ್ಕಾಗಿ ಬಟ್ಟೆ ಹಿಡಿಯುತ್ತಿತ್ತು.

ಇದಕ್ಕೆ ಮಷೀನಿನಲ್ಲಿ ಗುಂಡಿ ಇಲ್ಲ. ಒಂದು ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಪೈಪಿನ ಬಾಯಿಗೆ ಕಟ್ಟಿದೆವು. ನೀರು ಎತ್ತರದಿಂದ ಮಳೆಯಂತೆ ತೊಟ್ಟಿಗೆ ಬಿದ್ದು ಗಾಳಿ ಕುಡಿಯಬೇಕು, ಒಂದು ರಾತ್ರಿ ಅಲುಗಾಡದೆ ನಿಲ್ಲಬೇಕು, ಬೆಳಿಗ್ಗೆ ಮೇಲಿನ ನೀರಷ್ಟೇ ಅರಿವೆಯಲ್ಲಿ ಸೋಸಿಕೊಂಡು ಬಳಸಬೇಕು. ಬ್ಲೀಚಿಂಗ್ ಡಬ್ಬಿ ಮುಚ್ಚಿ ಹಲಗೆಯ ಮೇಲೆ ಇಟ್ಟುಬಿಟ್ಟೆ. ಆಗಲೇ ತುಕ್ಕು ಹಿಡಿದಿದ್ದ ಬೆಡ್‌ಶೀಟುಗಳಿಗೆ ಲಿಂಬೆಹುಳಿ ಹಿಂಡಿ ಹಿಂಡಿ ಬೆರಳಿನ ಸಂದು ಉರಿಯಿತು, ಆದರೂ ಬಣ್ಣ ಹೋಯಿತು.

ಮ್ಯಾನೇಜರಿಗೆ ನೀರಿನ ಚಿಂತೆ ಇರಲಿಲ್ಲ, ವೈನಿನ ಚಿಂತೆ. ದಿನಾ ಸಂಜೆ ಒಂದು ಬಿಳಿ ಕರವಸ್ತ್ರದ ಮೇಲೆ ಕೆಂಪು ವೈನ್ ಚೆಲ್ಲಿ ತಂದು ನನ್ನ ಮುಂದೆ ಇಡುತ್ತಿದ್ದ, ಸಾಲೆ ಮಾಸ್ತರ ಮಗ್ಗಿ ಕೇಳಿದ ಹಾಗೆ. ತಣ್ಣೀರು, ಉಪ್ಪು, ಹುಳಿ, ಮತ್ತೆ ತಣ್ಣೀರು. ನಾಲ್ಕನೇ ದಿನಕ್ಕೆ ನಾನು ಅದರಲ್ಲಿ ಪಾಸು. ಆದರೆ ಆ ನಾಲ್ಕು ದಿನ ನನ್ನ ತಲೆಯೊಳಗೆ ವೈನ್ ಬಿಟ್ಟು ಬೇರೆ ಕಲೆಯೇ ಇರಲಿಲ್ಲ, ಅದೇ ನನ್ನ ಗ್ರಹಚಾರ.

ಮದುವೆಯವರು ಬಂದರು. ಧಾರವಾಡದ ಮಾಳಮಡ್ಡಿಯ ಮನೆತನ, ಹೆಣ್ಣಿನ ಕಡೆಯವರು. ಅವರು ಬಂದ ಮರುದಿನ ಬೆಳಿಗ್ಗೆ ಹುಡುಗಿಗೆ ಅರಿಷಿಣ ಹಚ್ಚುವ ಶಾಸ್ತ್ರ, ಅದರ ಮರುದಿನ ಸಂಜೆ ಗಂಡಿನ ಕಡೆಯವರು ಬರುವುದು, ಆಮೇಲೆ ಮದುವೆ. ಶಾಸ್ತ್ರ ನಡೆದದ್ದು ನಮಗೆ ಕಾಣಲಿಲ್ಲ. ನಾವು ಕಾಣಬಾರದವರು, ನಮಗೂ ಏನೂ ಕಾಣುತ್ತಿರಲಿಲ್ಲ. ಹನ್ನೊಂದು ಗಂಟೆಗೆ ನಾಲ್ಕು ದೊಡ್ಡ ಗಂಟು ಬಂದು ಬಾಗಿಲಲ್ಲಿ ಬಿದ್ದವು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮದು ಮಡಿವಾಳರ ಮನೆ. ನಮ್ಮತ್ತೆ ಕಲಿಸಿದ್ದು: ಮದುವೆ ಮನೆಯ ಮೈಲಿಗೆ ಗಂಟನ್ನು ಬಿಚ್ಚಿ ಹರವಿ ನೋಡಬಾರದು. ಒಬ್ಬರ ಮನೆಯ ಮಂಗಲಕಾರ್ಯದ ಬಟ್ಟೆಯಲ್ಲಿ ಏನೇ ಇರಲಿ, ಅದು ನಮ್ಮ ಕಣ್ಣಿಗೆ ಬೇಡ, ಬಾಯಿಗೆ ಮೊದಲೇ ಬೇಡ. ಗಂಟು ಸಡಿಲಿಸಿ ನೇರ ನೀರಿಗೆ ಬಿಡಬೇಕು, ಮುಖ ಆ ಕಡೆ. ಅತ್ತೆಯ ಕಾಲಕ್ಕೆ ಮೊದಲ ನೀರು ತಣ್ಣೀರು, ಹಾಗಾಗಿ ಏನೂ ಕೆಡುತ್ತಿರಲಿಲ್ಲ. ನಾನು ಮುಖ ಆ ಕಡೆ ಮಾಡಿ, ಗಂಟು ಸಡಿಲಿಸಿ, ನೇರ ಮಷೀನಿಗೆ ತುಂಬಿ, ಬಿಸಿನೀರು ಬಿಟ್ಟು, ಎರಡು ಹಿಡಿ ಸೋಡಾ ಹಾಕಿ ಗುಂಡಿ ಒತ್ತಿದೆ.

ಹತ್ತು ನಿಮಿಷ ಆಗಿರಲಿಲ್ಲ, ನೆಗೆಣ್ಣಿ ಕಿರುಚಿದಳು.

“ಯಕ್ಕಾ! ರಗತ! ಮಷೀನ್ಯಾಗ ರಗತ ಐತಿ!”

ದುಂಡನೆಯ ಗಾಜಿನ ಬಾಗಿಲಿನ ಹಿಂದೆ ಕೆಂಪು ನೀರು ತಿರುಗುತ್ತಿತ್ತು. ಒಂದು ಕ್ಷಣ ನಾನೂ ರಕ್ತವೆಂದೇ ನಂಬಿದೆ. ಆಮೇಲೆ ಮೂಗಿಗೆ ವಾಸನೆ ಬಡಿಯಿತು. ಅರಿಷಿಣ! ಆರತಿ ತಾಟಿನಲ್ಲಿ ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಸೋಡಾ ಮಾಡುವುದೂ ಅದೇ ಕೆಲಸ. ಮಂದಿ ಹೋಟೆಲಿನ ಟವೆಲಿನಿಂದಲೇ ಹುಡುಗಿಯ ಮೈ ಒರೆಸಿ, ಬೆಡ್‌ಶೀಟು ಹಾಸಿಯೇ ಅವಳನ್ನು ಕೂರಿಸಿದ್ದರು. ಬಿಚ್ಚಿ ನೋಡಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಮರ್ಯಾದೆ ಮಾಡಲು ಹೋಗಿ ಅರವತ್ತೆರಡು ಬಿಳಿ ಬಟ್ಟೆಗಳ ಆರತಿ ಮಾಡಿಬಿಟ್ಟಿದ್ದೆ.

ಮ್ಯಾನೇಜರ್ ಬಂದು ನಿಂತ. ಕೆಂಪು ಬೆಡ್‌ಶೀಟು ಎತ್ತಿ ಹಿಡಿದೆ. ಮುಚ್ಚಿಡುವುದು ನನ್ನ ಜಾಯಮಾನವಲ್ಲ.

“ಇದೆಂತ ಮಾರಾಯ್ರೇ! ಯಾರು ಇಷ್ಟು ವೈನ್ ಚೆಲ್ಲಿದ್ದು?”

“ವೈನ್ ಅಲ್ರೀ. ಅರಿಷಿಣ. ತಪ್ಪ ನಂದ. ನೋಡದ ಸೋಡಾಕ್ಕ ಹಾಕಿದ್ನಿ.”

ಅವನು ಅಲ್ಲೇ ಒಂದು ಸೋಪಿನ ಚೀಲದ ಮೇಲೆ ಕುಳಿತ. ನಾಳೆ ಸಂಜೆ ಆರಕ್ಕೆ ಗಂಡಿನ ಕಡೆಯವರು ಬರುತ್ತಾರೆ, ಹದಿನಾಲ್ಕು ಖೋಲಿಗೆ ಹಾಸಬೇಕು, ಕಪಾಟಿನಲ್ಲಿ ಉಳಿದದ್ದು ಐದು ಖೋಲಿಗಾಗುವಷ್ಟು. “ಬ್ಲೀಚ್ ಹಾಕಿ, ಡ್ರೈಯರಿಗೆ ಹಾಕಿ, ಎಂತಾದ್ರೂ ಮಾಡಿ,” ಅಂದ. ಅದು ಆಗದು ಅಂದೆ. ಸೋಸಿದ ನೀರಿನಲ್ಲೂ ಕಬ್ಬಿಣ ಚೂರು ಉಳಿದಿರುತ್ತದೆ, ಬ್ಲೀಚ್ ಬಿದ್ದರೆ ತುಕ್ಕು ಹಿಡಿಯುತ್ತದೆ, ಡ್ರೈಯರಿನ ಶಾಖ ಬಿದ್ದರೆ ಅರಿಷಿಣ ಬಟ್ಟೆಗೆ ಅಂಟಿಕೊಂಡೇ ಬಿಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ ಅರ್ಧ ತಾಸು ಜಗ್ಗಾಡಿದೆವು.

“ಹಾಗಾದ್ರೆ ನಾನು ಗೋವಾಕ್ಕೆ ಫೋನ್ ಮಾಡ್ಲೇಬೇಕಾಗ್ತದೆ ಅಕ್ಕ,” ಅಂದ. ಸಿಟ್ಟಿನಿಂದಲ್ಲ, ಬೇಸರದಿಂದ.

“ನಾಳೆ ಹೊತ್ತ ಮುಣಗೂದ್ರಾಗ ಬೆಳ್ಳಗ ಆಗಲಿಲ್ಲಂದ್ರ ಮಾಡ್ರಿ. ನಾನ ಗಂಟ ಕಟ್ಟಿ ಲಾರಿಗೆ ಏರಸ್ತೇನಿ.”

ಹೇಳಿದೆನೇನೋ ಹೌದು. ಆದರೆ ಅರವತ್ತೆರಡು ಬಟ್ಟೆಗೆ ಆಗುವಷ್ಟು ಹುಳಿ ಎಲ್ಲಿಂದ ತರಲಿ? ಕೆಂಪು ಮೊದಲು ಹಳದಿಗೆ ತಿರುಗಬೇಕು, ಅದಕ್ಕೆ ಹುಳಿಯೇ ಬೇಕು. ಅಡುಗೆಮನೆಯ ಲಿಂಬೆ ಹತ್ತು ಬಟ್ಟೆಗೂ ಸಾಲದು. ಆಗ ನೆನಪಾದವನು ತೋಟದ ಕಾಕಾ. ವಿಜಾಪುರದ ಕಡೆಯವ, ದ್ರಾಕ್ಷಿ ನೋಡಿಕೊಳ್ಳುವ ಹಿರಿಯ, ದಿನಾ ನಮ್ಮ ತೊಟ್ಟಿಯ ಕಟ್ಟೆಗೆ ಬಂದು ಎಲೆ ಅಡಿಕೆ ಹಾಕುತ್ತಿದ್ದ. ನನ್ನ ಮಾತು ಮುಗಿಯುವ ಮೊದಲೇ ಎದ್ದ.

“ವೈನ್ ಮನ್ಯಾಗ ಹುಳಿ ಪುಡಿ ಐತಿ ತಂಗಿ. ರಸ ಸಪ್ಪಗಾದ್ರ ಹಾಕ್ತಾರ. ದ್ರಾಕ್ಷಿದ ಹುಳೀನ ಅದು. ಕೇಳಿ ಕೊಡಸ್ತೇನಿ, ಬಾ.”

ಸಕ್ಕರೆಯಂಥ ಬಿಳಿ ಪುಡಿ. ಒಂದು ಕೊಡ ನೀರಿಗೆ ಒಂದು ಹಿಡಿ ಕದಡಿ, ಮೊದಲು ಒಂದು ಕರವಸ್ತ್ರ ಅದ್ದಿದೆ. ಕೈಯಲ್ಲಿ ಹಿಡಿದಿದ್ದಂತೆಯೇ ಕೆಂಪು ಸರಿದು ಹಳದಿ ಬಂತು. ನೆಗೆಣ್ಣಿ ಚಪ್ಪಾಳೆ ತಟ್ಟಿದಳು. ಕತ್ತಲಾಗುವಷ್ಟರಲ್ಲಿ ಎಲ್ಲ ಬಟ್ಟೆಗಳೂ ಹುಳಿ ನೀರಿನಿಂದ ಹಾದು, ಮೂರು ತಣ್ಣೀರು ಕಂಡು, ತೊಟ್ಟಿಯಲ್ಲಿ ಹಳದಿಯಾಗಿ ಕುಳಿತವು. ಈಗ ಬೇಕಾದದ್ದು ಒಂದೇ: ಬಿಸಿಲು. ಅರಿಷಿಣಕ್ಕೆ ಬಿಸಿಲಿನಷ್ಟು ದೊಡ್ಡ ವೈರಿ ಇಲ್ಲ. ಒದ್ದೆ ಬಟ್ಟೆಯನ್ನು ಹರವಿ, ಒಣಗಿದಂತೆ ಮತ್ತೆ ನೀರು ಚಿಮುಕಿಸುತ್ತ ಐದಾರು ತಾಸು ಇಟ್ಟರೆ ಹಳದಿ ತಾನೇ ಹಾರುತ್ತದೆ. ಆದರೆ ಅದು ಮೇ ತಿಂಗಳು. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ ಅಡ್ಡಮಳೆ ಬರುತ್ತಿತ್ತು.

ಬೆಳಕು ಹರಿಯುತ್ತಲೇ ಎರಡು ಬುಟ್ಟಿ ಹೊತ್ತು ದ್ರಾಕ್ಷಿ ಸಾಲಿಗೆ ಹೋದೆವು. ಉದ್ದುದ್ದ ತಂತಿ, ನಮಗೆಂದೇ ಕಟ್ಟಿದ ಹಾಗೆ! ಹಿಂಬದಿಯ ಸಾಲು, ಅತಿಥಿಗಳಿಗೂ ಕಾಣುವುದಿಲ್ಲ. ಮೂರು ಬೆಡ್‌ಶೀಟು ಹಾಕಿ ನಾಲ್ಕನೆಯದು ಕೊಡವುತ್ತಿದ್ದೆ, ದೂರದಿಂದ ಕಾಕಾ ಧೋತರ ಎತ್ತಿ ಹಿಡಿದು ಓಡಿ ಬಂದ.

“ಏ ತಗೀರಿ, ತಗೀರಿ! ನಿನ್ನೆ ಮೈಲತುತ್ತ ಸುಣ್ಣ ಹೊಡದೇವಿ! ತಂತಿ ತುಂಬ ಔಷಧ ಐತಿ!”

ತೆಗೆದು ನೋಡಿದರೆ ಮೂರಕ್ಕೂ ತಂತಿ ತಾಗಿದಲ್ಲಿ ನೀಲಿ ಗೆರೆ, ಅದರ ಪಕ್ಕದಲ್ಲೇ ಸುಣ್ಣ ಕುಡಿದ ಅರಿಷಿಣ ಮತ್ತೆ ಕೆಂಪು. ನನಗೆ ಅಳು ಬಂತು. ಅತ್ತುಬಿಟ್ಟೆ, ಅಳಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಕಾಕಾ ಆ ಮೂರನ್ನೂ ಬುಟ್ಟಿಗೆ ಹಾಕಿಕೊಂಡು ಹುಳಿ ನೀರಿಗೆ ಒಯ್ದ.

ಎಲ್ಲಿ ಹರವುವುದು? ಹಿತ್ತಲೆಲ್ಲ ಕೆಂಪು ಮಣ್ಣು, ಗಾಳಿ ಬೀಸಿದರೆ ಧೂಳು. ಹಗ್ಗ ಕಟ್ಟಲು ಜಾಗ ಇಲ್ಲ. ಇಡೀ ರೆಸಾರ್ಟಿನಲ್ಲಿ ಧೂಳಿಲ್ಲದ, ನೆರಳಿಲ್ಲದ, ಬೆಳಗಿನಿಂದ ಬಿಸಿಲು ಬೀಳುವ ಜಾಗ ಒಂದೇ ಇತ್ತು. ಖೋಲಿಗಳ ಮುಂದಿನ ಹುಲ್ಲುಹಾಸು. ಅತಿಥಿಗಳು ಕುರ್ಚಿ ಹಾಕಿಕೊಂಡು ತೋಟ ನೋಡುವ ಜಾಗ. ನಾವು ಕಾಲಿಡಬಾರದ ಜಾಗ.

ಮ್ಯಾನೇಜರ್ ಎದ್ದಿದ್ದನೋ ಇಲ್ಲವೋ ನೋಡಲಿಲ್ಲ. ಕೇಳಿದರೆ ಅವನು ಬೇಡ ಅನ್ನಲೇಬೇಕಿತ್ತು, ಅದು ಅವನ ನೌಕರಿ. ಕೇಳದೆ ಮಾಡಿದರೆ ತಪ್ಪು ನನ್ನೊಬ್ಬಳದು. “ಬಂದದ್ದೆಲ್ಲ ಬರಲಿ, ಎತ್ತ ಬುಟ್ಟಿ,” ಅಂದೆ ನೆಗೆಣ್ಣಿಗೆ. ಎಂಟು ಗಂಟೆಗೆ ಆ ಹಸಿರು ಹುಲ್ಲಿನ ತುಂಬ ಹಳದಿ ಬಟ್ಟೆ. ನಾವಿಬ್ಬರೂ ಸೀರೆ ಎತ್ತಿ ಕಟ್ಟಿ, ತಂಬಿಗೆಯಿಂದ ನೀರು ಚಿಮುಕಿಸುತ್ತ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆವು. ಕಿಟಕಿಗಳ ಪರದೆ ಒಂದೊಂದೇ ಸರಿದವು.

ಮ್ಯಾನೇಜರ್ ಓಡಿ ಬರುವುದಕ್ಕೂ ಮದುಮಗಳ ಅಜ್ಜಿ ಕೋಲೂರಿಕೊಂಡು ಇಳಿದು ಬರುವುದಕ್ಕೂ ಸರಿಹೋಯಿತು. ಎಂಬತ್ತರ ಹತ್ತಿರದ ವಯಸ್ಸು, ಒಂಬತ್ತು ವಾರಿ ಸೀರೆ, ಹದ್ದಿನ ಕಣ್ಣು.

“ಏನವಾ ಇದು? ಹುಲ್ಲಿನ ಮ್ಯಾಲೆ ಏನು ಹರವಲಿಕತ್ತೀರಿ?”

“ನಿನ್ನೆ ಅರಿಷಿಣದ ಬಟ್ಟಿರೀ ಅಮ್ಮಾರ. ನಂದ ಚೂರು ತಪ್ಪಾತು. ಬಿಸಲಿಗೆ ಬೆಳ್ಳಗ ಮಾಡಾಕತ್ತೇವ್ರಿ.”

ಮ್ಯಾನೇಜರ್ ಕೈ ಜೋಡಿಸಿ ಕ್ಷಮೆ ಕೇಳಲು ಬಾಯಿ ತೆರೆದ. ಅಜ್ಜಿ ಅವನ ಕಡೆ ನೋಡಲೇ ಇಲ್ಲ. ಬಗ್ಗಿ ಒಂದು ಟವೆಲು ಎತ್ತಿ ಮಗ್ಗುಲು ತಿರುಗಿಸಿ ನೋಡಿದರು.

“ಹೋಟೆಲ್ಲಿನ ಟವೆಲ್ಲಿಗೆ ಅರಿಷಿಣ ಒರಸಬ್ಯಾಡರೆ, ಹಳೀ ಸೀರಿ ತಂದೇನಿ ಅಂತ ನಾ ಬಡಕೊಂಡೆ. ಯಾರು ಕೇಳತಾರ? ಕುರ್ಚಿ ಹಾಕಸಪಾ ಇಲ್ಲೆ,” ಅಂದರು ಮ್ಯಾನೇಜರಿಗೆ. “ನಾ ಕೂಡತೇನಿ. ಯಾರರೆ ತುಳಿದು ಗಿಳಿದಾರು.”

ಹೀಗೆ ಅವರು ಛತ್ರಿ ಹಿಡಿದು ಹುಲ್ಲಿನ ಅಂಚಿಗೆ ಕಾವಲು ಕುಳಿತರು. ಹನ್ನೊಂದಕ್ಕೆ ಹಳದಿ ಬೆಣ್ಣೆಯ ಬಣ್ಣಕ್ಕೆ ಬಂತು. ಒಂದು ಗಂಟೆಗೆ ಬಹಳಷ್ಟು ಬೆಳ್ಳಗಾಗಿದ್ದವು. ಎರಡಕ್ಕೆ ಕಲಘಟಗಿ ಕಡೆಯಿಂದ ಕರೀ ಮೋಡ ಎದ್ದಿತು. ಎತ್ತಲು ಶುರು ಮಾಡಿದೆವು. ಮ್ಯಾನೇಜರ್ ತಾನೂ ಬೂಟು ಬಿಚ್ಚಿಟ್ಟು ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದ. ಅವನು ಮಡಚುವುದು ಮಾತ್ರ ನನಗಿಂತ ನೆಟ್ಟಗಿತ್ತು, ಒಪ್ಪಿಕೊಳ್ಳುತ್ತೇನೆ.

ಐವತ್ತಮೂರು ಬೆಳ್ಳಗೆ. ಒಂಬತ್ತರಲ್ಲಿ ಇನ್ನೂ ತೆಳುವಾದ ಹಳದಿ ನೆರಳು, ಬೆಳಗಿನ ಆ ಮೂರೂ ಅದರಲ್ಲೇ. “ಸಂಜೆ ದೀಪದ ಬೆಳಕಿಗೆ ಕಾಣ್ಲಿಕ್ಕಿಲ್ಲ,” ಅಂದ ಮ್ಯಾನೇಜರ್ ಮೆಲ್ಲಗೆ. “ಮುಂಜಾನಿ ಕಾಣ್ತೈತ್ರಿ,” ಅಂದೆ. “ನಾ ತೊಳದದ್ದು ಬೆಳ್ಳಗ ಆಗಲಿಲ್ಲಂದ್ರ ಆಗಲಿಲ್ಲ. ಹಾಸಾಕ ಕೊಡೂದಿಲ್ಲ.”

ಅಜ್ಜಿಯ ಕಿವಿ ಚುರುಕು. “ಆ ಒಂಬತ್ತೂ ನಮ್ಮ ಖೋಲಿಗೆ ಹಾಕರಿ. ನಮ್ಮವು ಬೀಗರಿಗೆ ಹೋಗಲಿ. ಅರಿಷಿಣ ನಮ್ಮದಲ್ಲೇನು?” ಅಂದರು. ಅಲ್ಲಿಗೆ ಹದಿನಾಲ್ಕು ಖೋಲಿಗಳ ಲೆಕ್ಕ ಸರಿಹೋಯಿತು. ನಾನು ಕೊನೆಯ ಬುಟ್ಟಿ ಎತ್ತುವಾಗ ಅವರು ನನ್ನನ್ನು ಕರೆದರು. ಅಷ್ಟು ಹೊತ್ತಿಗೆ ರೆಸಾರ್ಟಿನ ಮಾಲೀಕರೂ ಹುಬ್ಬಳ್ಳಿಯಿಂದ ಬಂದು ಮ್ಯಾನೇಜರನ ಪಕ್ಕ ನಿಂತಿದ್ದರು.

“ನೀವು ಮಡಿವಾಳರಲ್ಲೇನು? ಸಂಜಿಗೆ ಬೀಗರು ಬಾಗಲಿಗೆ ಬಂದಾಗ ನಡೆಮಡಿ ನೀನ ಹಾಸು. ನಮ್ಮ ಕಾಲಕ್ಕ ಅದಿಲ್ಲದ ಮದಿವಿ ಇರಲಿಲ್ಲ. ನಿನ್ನ ಕೈ ಛಲೋ ಅದ.”

ನಡೆಮಡಿ ಅಂದರೆ ಬೀಗರು ನಡೆದು ಬರುವ ದಾರಿಗೆ ಮಡಿವಾಳರು ಮಡಿ ಬಟ್ಟೆ ಹಾಸುವುದು. ಅವರು ದಾಟಿದಂತೆ ಹಿಂದಿನದನ್ನು ಎತ್ತಿ ಬಗ್ಗಿ ಓಡುತ್ತ ಮುಂದೆ ಹಾಸುವುದು. ನಮ್ಮತ್ತೆ ಹಾಸಿದ್ದರು, ಅವರ ಅತ್ತೆಯೂ. ಅಜ್ಜಿ ಕೇಳಿದ್ದು ಪ್ರೀತಿಯಿಂದ, ಅದು ನನಗೆ ತಿಳಿಯುತ್ತಿತ್ತು. ಒಂದು ಹೂಂ ಅಂದಿದ್ದರೆ ಮಾಲೀಕರ ಮುಂದೆಯೇ ಕೆಲಸ ಗಟ್ಟಿಯಾಗುತ್ತಿತ್ತು. ಮ್ಯಾನೇಜರ್ ಹೂಂ ಅನ್ನು ಅಂತ ಕಣ್ಣಿನಲ್ಲೇ ಹೇಳುತ್ತಿದ್ದ. ಆದರೆ ನನ್ನ ಕೈ ನೋಡಿಕೊಂಡೆ. ಎರಡು ದಿನ ಹುಳಿ ನೀರಿನಲ್ಲಿ ಬೆಂದು ಬೆರಳು ಸುಲಿದಿದ್ದವು.

“ಸಿಟ್ಟಾಗಬ್ಯಾಡ್ರಿ ಅಮ್ಮಾರ,” ಅಂದೆ. “ಇದನ್ನ ಬೆಳ್ಳಗ ಮಾಡಾಕ ಜೀವಾ ತೇದೇನ್ರಿ. ನಾ ತೊಳದ ಬಟ್ಟಿ ಮ್ಯಾಲ ನೆಮ್ಮದಿಲೆ ಮಲಗ್ರಿ. ನಡೀಬ್ಯಾಡ್ರಿ.”

ನೆಗೆಣ್ಣಿ ನನ್ನ ಸೆರಗು ಜಗ್ಗಿದಳು. ಗೋವಾದ ಲಾರಿ ಬಾಗಿಲಿಗೆ ಬಂದು ನಿಂತೇ ಬಿಟ್ಟಿತು ಅಂದುಕೊಂಡೆ.

ಅಜ್ಜಿ ಕೋಲೂರಿ ಕುರ್ಚಿಯಿಂದ ಎದ್ದರು. “ನಮ್ಮವ್ವ ಇದ್ದಿದ್ದರ ಸಿಟ್ಟಾಗತಿದ್ದಳು,” ಅಂದರು. “ನಾ ಆಗೂದಿಲ್ಲ. ಖರೇ ಮಾತದು. ನಾಳೆ ಊಟಕ್ಕ ಇಬ್ಬರೂ ಮುಂದಿನ ಬಾಗಲಿಂದ ಬರ್ರಿ.” ಆಮೇಲೆ ಮಾಲೀಕರ ಕಡೆ ತಿರುಗಿ, “ಹೊಲಸು ಮಾಡಿದವರು ನಾವು, ತಪ್ಪು ತನ್ನದಂತ ಹೇಳಿದವಳು ಆಕಿ. ಇಂಥವರು ಎಲ್ಲೆ ಸಿಗತಾರ?” ಅಂದರು. ಮಾಲೀಕರು ತಲೆಯಾಡಿಸಿದರು. ಮಳೆಯ ಮೊದಲ ಹನಿ ಬಿತ್ತು, ನಾವು ಬುಟ್ಟಿ ಹೊತ್ತು ಓಡಿದೆವು.

ಮದುವೆ ಆಯಿತು. ಊಟಕ್ಕೂ ಹೋದೆವು, ಮುಂದಿನ ಬಾಗಿಲಿನಿಂದಲೇ. ಆದರೆ ನಮ್ಮ ಕೆಲಸದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಹನ್ನೊಂದನೇ ದಿನ ಮದುವೆಯವರೆಲ್ಲ ಹೋಗಿ ರೆಸಾರ್ಟು ಖಾಲಿ ಆಯಿತು. ನಾವಿಬ್ಬರೂ ನಮ್ಮ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಗ ಮ್ಯಾನೇಜರ್ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಬೀಗದ ಕೈ.

“ಚೀಲ ಎಂತಕ್ಕೆ ಕಟ್ಟುದು? ಇವತ್ತು ಖೋಲಿ ಎಲ್ಲ ಖಾಲಿ. ಹೋಗಿ ಒಂದರಲ್ಲಿ ಮಲಗಿ. ಗೋವಾದವರಿಗೆ ಬೇಡ ಅಂತ ಹೇಳಿ ಆಯ್ತು.”

ಮಧ್ಯಾಹ್ನದ ಹೊತ್ತು ಆ ಖೋಲಿಗೆ ಹೋದೆವು. ಗಾಜಿನಾಚೆ ದ್ರಾಕ್ಷಿ ಸಾಲು, ದೂರದಲ್ಲಿ ಕಾಕಾ ಬಗ್ಗಿ ಏನೋ ಮಾಡುತ್ತಿದ್ದ. ನಡುವೆ ಅಷ್ಟಗಲದ ಮಂಚ, ಮೇಲೆ ನಮ್ಮದೇ ಬೆಡ್‌ಶೀಟು, ಒಂದು ಸುಕ್ಕಿಲ್ಲ. ನಾನು ಕಾಲು ಒರೆಸಿಕೊಂಡು ಏರಿ ಉದ್ದಕ್ಕೆ ಬಿದ್ದೆ. ನೆಗೆಣ್ಣಿ ಮಾತ್ರ ನೆಲದ ಮೇಲೆ ಸೆರಗು ಹಾಸಿ ಕುಳಿತಳು.

“ಮ್ಯಾಲ ಬಾ.”

“ಒಲ್ಲೆ ಯಕ್ಕಾ. ಅಷ್ಟ್ ಬೆಳ್ಳಗೈತಿ. ಮೈಲಿಗಿ ಆಕ್ಕೈತಿ. ಆಮ್ಯಾಲ ತೊಳಿಯಾಕ ಯಾರ್ ಬರ್ತಾರ?”

“ನಾವ,” ಅಂದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. “ನಾಳಿಂದ ನಾವ ತೊಳಿಯೂದು. ಬಾ, ಮಲಕೋ.”